ಬ್ರೇಡಿಯನ್ನು ಬದಿಗಿಟ್ಟು ಲೆಕ್ಕ ಹಾಕಿ: ಫುಟ್‌ಬಾಲ್ ಕೋಚ್ ಒಬ್ಬರ ಡ್ರಾಫ್ಟ್ ಅಳೆಯುವ ಬಗೆ

ನಮ್ಮ ಮನೆ ಬೀರುವಿನಲ್ಲಿ, ಹಬ್ಬಕ್ಕೆ ಉಡುವ ಪಂಚೆಗಳ ಕೆಳಗೆ, ಒಂದು ಫುಟ್‌ಬಾಲ್ ಜರ್ಸಿ ಮಡಚಿಟ್ಟಿದೆ. ನಂಬರ್ 15. ಬೆನ್ನ ಮೇಲೆ ‘ಹ್ಯಾರಿ’ ಅಂತ ಹೆಸರು. 2019ರ ಬೇಸಿಗೆಯಲ್ಲಿ ಕೊಂಡಿದ್ದು. ಅದನ್ನು ಹಾಕಿಕೊಂಡು ಆಫೀಸಿಗೆ ಹೋಗಿ, ಈ ಹುಡುಗ ಇನ್ನು ಹತ್ತು ವರ್ಷ ನಮ್ಮ ಟೀಮ್‌ನ ಮುಖ್ಯ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಅಂತ ಊಟದ ಟೇಬಲ್ಲಿನಲ್ಲಿ ಘೋಷಿಸಿದ್ದೆ. ಮೂರು ವರ್ಷದಲ್ಲಿ ಅವನು ಹಿಡಿದ ಪಾಸುಗಳು 57. ಆಮೇಲೆ ಚಿಕಾಗೋಗೆ ಸಾಗಹಾಕಿದರು. ಜರ್ಸಿಯನ್ನು ಹೆಂಡತಿ ಒಂದೆರಡು ಸಲ ನೆಲ ಒರೆಸುವುದಕ್ಕೆ ಕೇಳಿದ್ದಾಳೆ. ನಾನು ಕೊಟ್ಟಿಲ್ಲ.

ಆ ಮರ್ಯಾದೆ ಹೋಗಲು ಶುರುವಾದಾಗಲೇ ನಾನು ನೋಟ್‌ಬುಕ್ ಹಿಡಿದಿದ್ದು. ನನ್ನ ಊರು ತಿಪಟೂರು. 2003ರಿಂದ ಬಾಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಸಂಬಳದ ಲೆಕ್ಕ ಬರೆಯುವ ಕೆಲಸ. ನಮ್ಮಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಚೀಲದ ಬಾಯಲ್ಲಿರುವ ನಾಲ್ಕು ಕೊಬ್ಬರಿ ನೋಡಿ ದರ ಹೇಳುವವನನ್ನು ಅವರು ವ್ಯಾಪಾರಿ ಅಂತ ಒಪ್ಪುತ್ತಿರಲಿಲ್ಲ. ಚೀಲ ಸುರಿದು, ಕೌಟು ಎಷ್ಟು ಒಳ್ಳೆಯದು ಎಷ್ಟು ಅಂತ ಬೇರೆ ಮಾಡಬೇಕು. ಕೋಚ್‌ನ ಡ್ರಾಫ್ಟ್ ವಿಷಯದಲ್ಲಿ ಇಲ್ಲಿನವರು ಮಾಡುವುದು ಬರೀ ಚೀಲದ ಬಾಯಿ ನೋಡುವ ಕೆಲಸ. ಒಬ್ಬ, ಕೊನೆಯ ಸುತ್ತುಗಳಲ್ಲಿ ಸಿಕ್ಕು ದೊಡ್ಡ ತಾರೆಯಾದ ‘ಟಾಮ್ ಬ್ರೇಡಿ!’ ಅಂತಾನೆ, ಇನ್ನೊಬ್ಬ ನನ್ನ ಜರ್ಸಿಯ ‘ನಕೀಲ್ ಹ್ಯಾರಿ!’ ಅಂತಾನೆ, ಜಗಳ ಶುರು. ನಮ್ಮ ಟೀಮ್ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಕೋಚ್ ಆಗಿ ಬಿಲ್ ಬೆಲಿಚಿಕ್ 2000ದಿಂದ 2023ರವರೆಗೆ 24 ಡ್ರಾಫ್ಟ್ ಮಾಡಿದರು. ಆ ಚೀಲ ಸುರಿದು ನೋಡುವುದು ಹೇಗೆ ಅಂತ ಹೇಳುತ್ತೇನೆ. ಬೇರೆ ಯಾವ ಕೋಚ್‌ಗೂ ಇದೇ ದಾರಿ.

ಹೊಸಬರಿಗೆ ಎರಡು ಮಾತು. ಇದು ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಪ್ರತಿ ಏಪ್ರಿಲ್ ಕೊನೆಗೆ ಕಾಲೇಜು ಮುಗಿಸಿದ ಆಟಗಾರರನ್ನು 32 ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಏಳು ಸುತ್ತು, ಒಟ್ಟು ಸುಮಾರು 260 ಹೆಸರು. ಐಪಿಎಲ್ ಹರಾಜಿನಂತೆ ದುಡ್ಡು ಕೂಗುವುದಿಲ್ಲ. ಕಳೆದ ವರ್ಷ ಕೊನೆಗೆ ಬಂದವನಿಗೆ ಮೊದಲ ಸರದಿ, ಕಪ್ (ಫೈನಲ್‌ನ ಹೆಸರು ಸೂಪರ್ ಬೌಲ್) ಗೆದ್ದವನಿಗೆ 32ನೆಯದು. ಸರದಿ ನಂಬರನ್ನೇ ಒಬ್ಬರಿಗೊಬ್ಬರು ಮಾರಿಕೊಳ್ಳಬಹುದು. ಇಡೀ ಮಜಾ ಇರುವುದೇ ಅಲ್ಲಿ.

ಸಾಮಾನು ತಂದವರು ಯಾರು?

ಮೊದಲು ಕೇಳಬೇಕಾದ ಪ್ರಶ್ನೆ: ಆಟಗಾರನನ್ನು ಆರಿಸಿದ್ದು ಕೋಚೇ ತಾನೇ? ಸುಮಾರು ತಂಡಗಳಲ್ಲಿ ಜನರಲ್ ಮ್ಯಾನೇಜರ್ ಆರಿಸುತ್ತಾನೆ, ಕೋಚ್ ಆಡಿಸುತ್ತಾನೆ. 1996ರಲ್ಲಿ ಇದೇ ಪೇಟ್ರಿಯಟ್ಸ್‌ಗೆ ಬಿಲ್ ಪಾರ್ಸೆಲ್ಸ್ ಕೋಚ್. ಅವರಿಗೆ ಡಿಫೆನ್ಸ್ ಆಟಗಾರ ಬೇಕಿತ್ತು. ಮೇಲಿನವರು ಟೆರ್ರಿ ಗ್ಲೆನ್ ಎಂಬ ರಿಸೀವರ್‌ನನ್ನು ತಂದರು. ಮುಂದಿನ ವರ್ಷ ಪಾರ್ಸೆಲ್ಸ್ ತಂಡ ಬಿಟ್ಟರು. ಅಡುಗೆ ನಾನೇ ಮಾಡಬೇಕು ಅಂದರೆ ಸಾಮಾನೂ ನಾನೇ ತರಬೇಡವಾ ಅನ್ನುವ ಅರ್ಥದಲ್ಲಿ ಅವರು ಆಡಿದ ಮಾತನ್ನು ಇಲ್ಲಿನವರು ಇವತ್ತಿಗೂ ಹೇಳುತ್ತಾರೆ. ತಮಾಷೆ ಅಂದರೆ, ಕೋಚ್‌ಗೆ ಬೇಡವಾಗಿದ್ದ ಆ ಗ್ಲೆನ್ ಮೊದಲ ವರ್ಷವೇ 90 ಪಾಸು ಹಿಡಿದ. ಆಗ ಅದು ಹೊಸಬರ ದಾಖಲೆ. ಹಾಗಾಗಿ ಪಾರ್ಸೆಲ್ಸ್ ಖಾತೆಗೆ ಆ ಹೆಸರನ್ನು ಜಮಾ ಮಾಡುವ ಹಾಗಿಲ್ಲ.

ಬೆಲಿಚಿಕ್ ವಿಷಯ ಸುಲಭ. ಅಡುಗೆ, ಸಾಮಾನು ಎರಡೂ ಅವರದೇ. ಸ್ಕಾಟ್ ಪಿಯೋಲಿ, ಆಮೇಲೆ ನಿಕ್ ಕಸೇರಿಯೋ ಪಕ್ಕದಲ್ಲಿ ಕೂತಿದ್ದರು, ಆದರೆ ಕೊನೆಯ ಮಾತು ಬೆಲಿಚಿಕ್‌ದು. ಆದರೂ ಅಂಚಿನಲ್ಲಿ ಗೊಂದಲ ಇದೆ. 2000ದ ಡ್ರಾಫ್ಟ್ ಹೊತ್ತಿಗೆ ಅವರು ಬಂದು ಕೆಲವೇ ತಿಂಗಳಾಗಿತ್ತು. ಆಟಗಾರರ ವಿಭಾಗಕ್ಕೆ ಹಳೆಯ ಮುಖ್ಯಸ್ಥ ಬಾಬಿ ಗ್ರಿಯರ್ ಇನ್ನೂ ಇದ್ದರು. ಬ್ರೇಡಿ ಒಳ್ಳೆಯವನು ಅಂತ ಹಟ ಹಿಡಿದವರು ಕ್ವಾರ್ಟರ್‌ಬ್ಯಾಕ್‌ಗಳ, ಅಂದರೆ ಪಾಸು ಎಸೆಯುವವರ, ಕೋಚ್ ಡಿಕ್ ರೆಹ್ಬೈನ್.

ಇನ್ನೊಂದು ಉಲ್ಟಾ ಉದಾಹರಣೆ ಕೊಡುತ್ತೇನೆ. 1995ರಲ್ಲಿ ಬೆಲಿಚಿಕ್ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕೋಚ್. ತಮ್ಮ 10ನೇ ಸರದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕೊಟ್ಟು, ಬದಲಿಗೆ ಪಡೆದದ್ದರಲ್ಲಿ 1996ರ ಮೊದಲ ಸುತ್ತಿನ ಒಂದು ಸರದಿಯೂ ಇತ್ತು. ಅಷ್ಟರಲ್ಲಿ ತಂಡ ಬಾಲ್ಟಿಮೋರ್‌ಗೆ ಎದ್ದು ಹೋಯಿತು, ಇವರ ಕೆಲಸವೂ ಹೋಯಿತು. ಆ ಸರದಿಯಲ್ಲಿ, 26ನೇ ನಂಬರಿಗೆ, ಬಾಲ್ಟಿಮೋರ್‌ನಲ್ಲಿ ಆಟಗಾರರನ್ನು ಆರಿಸುತ್ತಿದ್ದ ಓಜಿ ನ್ಯೂಸಮ್ ಆರಿಸಿದ್ದು ರೇ ಲೂಯಿಸ್‌ನನ್ನು. ಲೀಗಿನ ಚರಿತ್ರೆಯಲ್ಲೇ ದೊಡ್ಡ ಡಿಫೆನ್ಸ್ ಆಟಗಾರರಲ್ಲಿ ಒಬ್ಬ. ಸರದಿ ತಂದವನು ಒಬ್ಬ, ಆಳನ್ನು ಗುರುತಿಸಿದವನು ಇನ್ನೊಬ್ಬ. ನನ್ನ ನೋಟ್‌ಬುಕ್‌ನಲ್ಲಿ ಇದಕ್ಕೇ ಎರಡು ಕಾಲಂ ಇವೆ: ‘ಸರದಿ ವ್ಯಾಪಾರ’ ಮತ್ತು ‘ಆಳಿನ ಆಯ್ಕೆ’. ಎರಡನ್ನೂ ಒಂದೇ ಕಡೆ ಕೂಡಿದರೆ ಲೆಕ್ಕ ಕೆಡುತ್ತದೆ.

ನಂಬರಿಗೆ ತಕ್ಕ ನಿರೀಕ್ಷೆ

1990ರ ದಶಕದ ಆರಂಭದಲ್ಲಿ ಜಿಮ್ಮಿ ಜಾನ್ಸನ್ ಕೋಚ್ ಆಗಿದ್ದಾಗ ಡಲ್ಲಾಸ್ ಕೌಬಾಯ್ಸ್‌ನವರು ಒಂದು ದರಪಟ್ಟಿ ಮಾಡಿಕೊಂಡರು. ಮೊದಲ ಸರದಿಗೆ 3000 ಅಂಕ. ಎರಡನೆಯದಕ್ಕೆ 2600. 16ನೆಯದಕ್ಕೆ 1000. 32ಕ್ಕೆ ಬರುವಾಗ 590. ನೂರನೇ ಸರದಿಗೆ ನೂರೇ ಅಂಕ. ಮೇಲಿನದಕ್ಕೆ ಬೆಲೆ ತೀರಾ ಜಾಸ್ತಿ ಕಟ್ಟಿದ್ದಾರೆ ಅಂತ ಕೇಡ್ ಮ್ಯಾಸೀ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ಪ್ರೊಫೆಸರ್‌ಗಳು ಆಮೇಲೆ ತೋರಿಸಿದರು. ಥೇಲರ್ ಅಂದರೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅದಿರಲಿ, ಮನೆ ಲೆಕ್ಕಕ್ಕೆ ಹಳೆಯ ಪಟ್ಟಿ ಸಾಕು.

ಇದರಿಂದ ಏನು ಉಪಯೋಗ? 6ನೇ ನಂಬರಿಗೆ ಸಿಕ್ಕ ಆಟಗಾರ ಐದು ವರ್ಷ ಆಡಿದರೆ ಅದು ಸಾಧಾರಣ. 153ನೇ ನಂಬರಿನವನು ಐದು ವರ್ಷ ಆಡಿದರೆ ಹಬ್ಬ. ಪೇಟ್ರಿಯಟ್ಸ್ 2001ರಲ್ಲಿ 6ನೇ ಸರದಿಗೆ ರಿಚರ್ಡ್ ಸೀಮೋರ್‌ನನ್ನು ತಂದರು, ಅವನು ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಕೊಟ್ಟ ಬೆಲೆಗೆ ಮಾಲು ಬಂತು. 2008ರಲ್ಲಿ 153ಕ್ಕೆ ಮ್ಯಾಥ್ಯೂ ಸ್ಲೇಟರ್ ಬಂದ. ಅವನು ಕಿಕ್ ಆದ ಚೆಂಡಿನ ಹಿಂದೆ ಓಡಿ ಎದುರಾಳಿಯನ್ನು ಕೆಡವುವುದೊಂದೇ ಕೆಲಸ ಮಾಡಿಕೊಂಡು ಹತ್ತು ಸಲ ಪ್ರೊ ಬೌಲ್‌ಗೆ, ಅಂದರೆ ವರ್ಷದ ತಾರೆಗಳ ಪಂದ್ಯಕ್ಕೆ, ಆಯ್ಕೆಯಾದ. ನನ್ನ ಪ್ರಕಾರ ಬೆಲೆಯ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ಕೆಲಸ. ಆಫೀಸಿನ ಗೆಳೆಯ ಇದನ್ನು ಒಪ್ಪುವುದಿಲ್ಲ, ಬಿಡಿ.

ಇನ್ನೂ ಒಂದು ರಿಯಾಯಿತಿ ಕೊಡಬೇಕು. ಗೆಲ್ಲುವ ಕೋಚ್‌ಗೆ ಸರದಿ ಯಾವಾಗಲೂ ಕೊನೆಗೇ. ಆರು ಸಲ ಸೂಪರ್ ಬೌಲ್ ಗೆದ್ದವರಿಗೆ ಸಂತೆ ಮುಗಿಯುವ ಹೊತ್ತಿಗೆ ಚೀಲ ಹಿಡಿದು ಹೋದ ಹಾಗೆ. ಅದರ ಮೇಲೆ ದಂಡ ಬೇರೆ. ಎದುರಾಳಿಗಳ ಸನ್ನೆಗಳನ್ನು ವಿಡಿಯೋ ಮಾಡಿದ್ದಕ್ಕೆ 2008ರಲ್ಲಿ ಒಂದು ಮೊದಲ ಸುತ್ತಿನ ಸರದಿ ಹೋಯಿತು. ಚೆಂಡಿನ ಗಾಳಿ ಕಡಿಮೆ ಮಾಡಿದ ಪ್ರಕರಣದಲ್ಲಿ 2016ರಲ್ಲಿ ಇನ್ನೊಂದು ಹೋಯಿತು. ರಿಯಾಯಿತಿ ಕೊಡುವಾಗ ಇದನ್ನು ಬೇರೆ ಇಡಿ. ಕೊನೆಯ ಸರದಿ ಬಂದದ್ದು ಗೆದ್ದದ್ದಕ್ಕೆ, ಸರದಿ ಹೋದದ್ದು ಸ್ವಂತ ತಪ್ಪಿಗೆ.

ಬೆಲೆ ಮರೆತರೆ ಏನಾಗುತ್ತದೆ ಅನ್ನುವುದಕ್ಕೆ 1999ರ ಮೈಕ್ ಡಿಟ್ಕಾ ಕಥೆ ಸಾಕು. ನ್ಯೂ ಆರ್ಲಿಯನ್ಸ್ ಸೇಂಟ್ಸ್ ಕೋಚ್ ಆಗಿ, ಆ ವರ್ಷದ ತಮ್ಮ ಎಲ್ಲ ಸರದಿಗಳನ್ನೂ, ಮುಂದಿನ ವರ್ಷದ ಎರಡನ್ನೂ ಕೊಟ್ಟು ರಿಕಿ ವಿಲಿಯಮ್ಸ್ ಎಂಬ ಒಬ್ಬನನ್ನು ತಂದರು. ವಿಲಿಯಮ್ಸ್ ಒಳ್ಳೆಯ ಆಟಗಾರನೇ. ತಂಡ 3 ಗೆದ್ದು 13 ಸೋತಿತು. ಕೋಚ್ ಮನೆಗೆ ಹೋದರು.

ಮೂರು ವರ್ಷ ಪೆನ್ಸಿಲ್, ಆಮೇಲೆ ಪೆನ್ನು

ಡ್ರಾಫ್ಟ್ ಮುಗಿದ ರಾತ್ರಿಯೇ ಟಿವಿಯವರು ಎ, ಬಿ, ಸಿ ಅಂತ ಗ್ರೇಡ್ ಕೊಡುತ್ತಾರೆ. ಓದಿ, ನಗಿ, ಮರೆತುಬಿಡಿ. 2012ರಲ್ಲಿ ಸಿಯಾಟಲ್‌ನ ಪೀಟ್ ಕ್ಯಾರಲ್ ಮತ್ತು ಜಾನ್ ಶ್ನೈಡರ್ 47ಕ್ಕೆ ಬಾಬಿ ವ್ಯಾಗ್ನರ್, 75ಕ್ಕೆ ಗಿಡ್ಡ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ನನ್ನು ತಂದಾಗ ಸುಮಾರು ಜನ ಕಳಪೆ ಗ್ರೇಡ್ ಕೊಟ್ಟಿದ್ದರು. ಎರಡು ಸೀಸನ್ ಮುಗಿಯುವಷ್ಟರಲ್ಲಿ ಸಿಯಾಟಲ್ ಸೂಪರ್ ಬೌಲ್ ಗೆದ್ದಿತ್ತು.

ಮೊದಲ ವರ್ಷ ನೋಡಿ ಪೆನ್ನಿನಲ್ಲಿ ಬರೆದವರು ಕೆಡುವುದೂ ಹಾಗೆಯೇ. 2021ರಲ್ಲಿ ಪೇಟ್ರಿಯಟ್ಸ್ 15ಕ್ಕೆ ಮ್ಯಾಕ್ ಜೋನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತು. ಮೊದಲ ಸೀಸನ್‌ನಲ್ಲೇ ತಂಡ ಪ್ಲೇಆಫ್ ಮುಟ್ಟಿತು. ಅವನಿಗಿಂತ ಮುಂಚೆ ಹೋದ ಜ್ಯಾಕ್ ವಿಲ್ಸನ್, ಟ್ರೇ ಲ್ಯಾನ್ಸ್ ತಡವರಿಸುತ್ತಿದ್ದರು. ಆವತ್ತು ನೀವು ನನ್ನ ನೋಟ್‌ಬುಕ್ ಕಿತ್ತುಕೊಂಡಿದ್ದರೆ ಅದರಲ್ಲಿ ‘ಭಲೇ’ ಅಂತ ಇತ್ತು. ಪುಣ್ಯಕ್ಕೆ ಪೆನ್ಸಿಲ್‌ನಲ್ಲಿ. 2024ರ ಮಾರ್ಚ್‌ನಲ್ಲಿ ಅವನನ್ನು ಜ್ಯಾಕ್ಸನ್‌ವಿಲ್‌ಗೆ ಕೊಟ್ಟರು. ಬದಲಿಗೆ ಬಂದದ್ದು ಆರನೇ ಸುತ್ತಿನ ಒಂದು ಸರದಿ.

ಮೂರು ವರ್ಷ ಯಾಕೆ ಅಂದರೆ, ಹೊಸಬನ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೂರನೇ ವರ್ಷ ಮುಗಿದಾಗ ತಂಡವೇ ಮನಸ್ಸಿನಲ್ಲಿ ತೀರ್ಮಾನ ಮಾಡಿರುತ್ತದೆ: ಇವನಿಗೆ ದೊಡ್ಡ ದುಡ್ಡು ಕೊಟ್ಟು ಉಳಿಸಿಕೊಳ್ಳೋಣವೋ, ಕಳಿಸೋಣವೋ. ಈ ‘ಎರಡನೇ ಒಪ್ಪಂದ’ ಒಳ್ಳೆಯ ಒರೆಗಲ್ಲು. ವಿನ್ಸ್ ವಿಲ್ಫೋರ್ಕ್, ಲೋಗನ್ ಮ್ಯಾಂಕಿನ್ಸ್, ಜೆರಾಡ್ ಮೇಯೋ, ಡೆವಿನ್ ಮೆಕೋರ್ಟಿ, ಡಾಂಟಾ ಹೈಟವರ್. 2004ರಿಂದ 2012ರ ನಡುವೆ ಮೊದಲ ಸುತ್ತಿನಲ್ಲಿ ಬಂದು ಉಳಿದುಕೊಂಡವರು. ಆಮೇಲೆ ನೋಡಿ: 2014ರಿಂದ 2021ರವರೆಗೆ ಮೊದಲ ಸುತ್ತಿನಲ್ಲಿ ಬಂದವರು ಆರು ಜನ. ಈಸ್ಲಿ, ಮಾಲ್ಕಮ್ ಬ್ರೌನ್, ವಿನ್, ಸೋನಿ ಮಿಷೆಲ್, ಹ್ಯಾರಿ, ಮ್ಯಾಕ್ ಜೋನ್ಸ್. ಒಬ್ಬರಿಗೂ ಅದೇ ತಂಡದಲ್ಲಿ ಎರಡನೇ ಒಪ್ಪಂದ ಆಗಲಿಲ್ಲ. ಕೋಚ್ ಅದೇ, ಕಣ್ಣು ಅದೇ, ಫಲ ಬೇರೆ. ಹಾಗಾಗಿ 24 ವರ್ಷಕ್ಕೂ ಒಂದೇ ಸರಾಸರಿ ಹಾಕಬೇಡಿ. 2012ರ ನಂತರ ಒಂದು ಗೆರೆ ಎಳೆಯಿರಿ. ಈ ಒರೆಗಲ್ಲಿಗೂ ಒಂದು ಬಿರುಕು ಇದೆ, ಸೋನಿ ಮಿಷೆಲ್. 2018ರ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಎರಡೂ ಕಡೆ ಸೇರಿ ಆದ ಒಂದೇ ಒಂದು ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸುವುದು) ಅವನದು. ಬಿಟ್ಟು ಕಳಿಸಿದರೂ ಅವನು ದಂಡವಾದ ಅಂತ ಹೇಗೆ ಬರೆಯಲಿ?

ಪಕ್ಕದ ಏಳು ಜನರನ್ನು ಸಾಲಾಗಿ ಬರೆಯಿರಿ

ಈಗ ನನ್ನ ಜರ್ಸಿಯ ವಿಷಯ. ಹ್ಯಾರಿ 2019ರ 32ನೇ ಸರದಿ. ‘ಅಯ್ಯೋ, ಡೀಬೊ ಸ್ಯಾಮ್ಯುಯೆಲ್ ಇದ್ದ, ಎ.ಜೆ. ಬ್ರೌನ್ ಇದ್ದ, ಡಿ.ಕೆ. ಮೆಟ್‌ಕಾಫ್ ಇದ್ದ, ಬೆಲಿಚಿಕ್‌ಗೆ ಕಣ್ಣಿರಲಿಲ್ವಾ’ ಅಂತ ಇಡೀ ಬಾಸ್ಟನ್ ಬೈಯಿತು. ನಾನೂ ಬೈದೆ. ನೋಟ್‌ಬುಕ್ ಶುರುವಾದ ಮೇಲೆ ಒಂದು ಭಾನುವಾರ, ಇಡ್ಲಿ ಹಿಟ್ಟು ಹುದುಗಲು ಇಟ್ಟು, ಕೂತು ನಿಜವಾಗಿ ಬರೆದೆ. ಹ್ಯಾರಿ ಆದ ಮೇಲೆ ಎರಡನೇ ಸುತ್ತು ಮುಗಿಯುವವರೆಗೆ ಹೋದ ರಿಸೀವರ್‌ಗಳು ಯಾರು ಯಾರು?

36: ಡೀಬೊ ಸ್ಯಾಮ್ಯುಯೆಲ್. 51: ಎ.ಜೆ. ಬ್ರೌನ್. 56: ಮೆಕೋಲ್ ಹಾರ್ಡ್‌ಮನ್. 57: ಜೆ.ಜೆ. ಆರ್ಸೆಗಾ-ವೈಟ್‌ಸೈಡ್. 59: ಪ್ಯಾರಿಸ್ ಕ್ಯಾಂಪ್‌ಬೆಲ್. 62: ಆ್ಯಂಡಿ ಇಸಾಬೆಲ್ಲಾ. 64: ಡಿ.ಕೆ. ಮೆಟ್‌ಕಾಫ್.

ಏಳು ಹೆಸರು. ಮೂವರು ತಾರೆಗಳು. ಹಾರ್ಡ್‌ಮನ್ ನಡುವಿನವನು, ಆದರೆ 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಗೆಲುವಿನ ಟಚ್‌ಡೌನ್ ಹಿಡಿದ. ಉಳಿದ ಮೂವರ ಹೆಸರನ್ನು ಬೈಯುವವರು ಯಾರೂ ಎತ್ತುವುದಿಲ್ಲ, ಯಾಕೆಂದರೆ ಅವರು ಯಾರಿಗೂ ನೆನಪಿಲ್ಲ. ಅಂದರೆ ಕಣ್ಣು ಮುಚ್ಚಿ ಈ ಏಳರಲ್ಲಿ ಒಬ್ಬನನ್ನು ಎತ್ತಿದ್ದರೂ ತಾರೆ ಸಿಗುವ ಸಂಭವ ಅರ್ಧಕ್ಕಿಂತ ಕಡಿಮೆ. ಮ್ಯಾಸೀ–ಥೇಲರ್ ಹೇಳಿದ್ದೂ ಇದನ್ನೇ. ಒಂದೇ ಜಾಗದ ಇಬ್ಬರು ಆಟಗಾರರಲ್ಲಿ ಮೊದಲು ಹೋದವನು ಮುಂದಿನವನಿಗಿಂತ ಚೆನ್ನಾಗಿ ಆಡುವ ಸಂಭವ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ನಾಣ್ಯ ಚಿಮ್ಮಿದ ಹಾಗೆ.

ಹಾಗಂತ ಹ್ಯಾರಿ ಸರಿಯಾದ ಆಯ್ಕೆ ಅಂತಲ್ಲ. ಏಳರಲ್ಲಿ ನಾಲ್ವರು ಅವನಿಗಿಂತ ಮೇಲಾದರು, ತಪ್ಪು ತಪ್ಪೇ. ಆದರೆ ಅದು ‘ಕುರುಡುತನ’ ಅಲ್ಲ, ‘ಸಾಧಾರಣ ತಪ್ಪು’. ನಿಮ್ಮ ಕೋಚ್‌ನ ಯಾವುದೇ ಆಯ್ಕೆ ನೋಡುವಾಗ ಇದನ್ನೇ ಮಾಡಿ. ಅದೇ ಜಾಗದಲ್ಲಿ ಆಡುವ ಮುಂದಿನ ಐದೋ ಏಳೋ ಹೆಸರು ಬರೆಯಿರಿ. ಎಪ್ಪತ್ತು ಸರದಿ ಆದಮೇಲೆ ಸಿಕ್ಕ ಪವಾಡವನ್ನು ತಂದು ಹೋಲಿಸಬೇಡಿ. ಆ ಪವಾಡವನ್ನು 32 ತಂಡಗಳೂ ಬಿಟ್ಟಿರುತ್ತವೆ.

ನಿಜವಾಗಿ ನಾಚಿಕೆಯಾಗಬೇಕಾದ್ದು ಬೇರೆ ಇದೆ. ಅದೇ 2019ರಲ್ಲಿ, ಏಳು ಸುತ್ತಿನಲ್ಲೂ ಯಾರಿಗೂ ಬೇಡವಾಗಿದ್ದ ಜಕೋಬಿ ಮೇಯರ್ಸ್ ಎಂಬ ಹುಡುಗನನ್ನು ಬೆಲಿಚಿಕ್ ತಂಡವೇ ಡ್ರಾಫ್ಟ್ ಮುಗಿದ ಮೇಲೆ ಸುಮ್ನೆ ಕರೆದುಕೊಂಡಿತು. ಅವನು 2021ರ ಒಂದೇ ಸೀಸನ್‌ನಲ್ಲಿ 83 ಪಾಸು ಹಿಡಿದ. ಹ್ಯಾರಿಯ ಮೂರು ವರ್ಷದ 57ರ ಪಕ್ಕ ಇಟ್ಟು ನೋಡಿ. ಹೀಗೆ ಡ್ರಾಫ್ಟ್ ಆಗದೆ ಬಂದವರಿಗೂ ನೋಟ್‌ಬುಕ್‌ನಲ್ಲಿ ಒಂದು ಪುಟ ಇರಲಿ. ಮಾಲ್ಕಮ್ ಬಟ್ಲರ್ ಹಾಗೆ ಬಂದವನು. 2014ರ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಗೋಲ್ ಗೆರೆಯ ಹತ್ತಿರ ಸಿಯಾಟಲ್‌ನ ಪಾಸನ್ನು ಕಿತ್ತುಕೊಂಡವನು ಅವನೇ. ಆವತ್ತು ನಾನು ಸೋಫಾದಿಂದ ಜಿಗಿದು ಚಹಾ ಚೆಲ್ಲಿದ ಕಲೆ ಕಾರ್ಪೆಟ್ಟಿನಲ್ಲಿ ಇನ್ನೂ ಇದೆ. ಸೆಂಟರ್ ಡೇವಿಡ್ ಆ್ಯಂಡ್ರೂಸ್ ಕೂಡ ಹಾಗೆ ಬಂದವನೇ.

ಸರದಿ ಮಾರಿದ್ದರೆ ದಾರ ಹಿಡಿದು ಕೊನೆಯವರೆಗೆ ಹೋಗಿ

ಇದು ನನಗೆ ಅತಿ ಇಷ್ಟವಾದ ಭಾಗ. ಬೆಲಿಚಿಕ್‌ಗೆ ಸರದಿ ಮಾರುವ ಚಟ. ತಾನು ಕೆಳಗೆ ಸರಿದು, ಬದಲಿಗೆ ಎರಡು ಮೂರು ಸರದಿ ಪಡೆಯುವುದು. ಇದನ್ನು ಒಂದೇ ವರ್ಷ ನೋಡಿದರೆ ಏನೂ ತಿಳಿಯುವುದಿಲ್ಲ.

2009. ಪೇಟ್ರಿಯಟ್ಸ್ ಕೈಯಲ್ಲಿ 26ನೇ ಸರದಿ. ಅದನ್ನೂ, ಜೊತೆಗೆ 162ನೆಯದನ್ನೂ ಗ್ರೀನ್ ಬೇ ಪ್ಯಾಕರ್ಸ್‌ಗೆ ಕೊಟ್ಟು 41, 73, 83 ಪಡೆದರು. ಡಲ್ಲಾಸ್ ದರಪಟ್ಟಿ ತೆಗೆಯಿರಿ. ಕೊಟ್ಟದ್ದು 700, ಮತ್ತೆ ಮೇಲೆ ಚಿಲ್ಲರೆ. ಬಂದದ್ದು 490, 225, 175, ಒಟ್ಟು 890. ಕಾಗದದ ಮೇಲೆ ಭರ್ಜರಿ ಲಾಭ. ಮೈದಾನದಲ್ಲಿ? ಪ್ಯಾಕರ್ಸ್ 26ಕ್ಕೆ ಆರಿಸಿದ್ದು ಕ್ಲೇ ಮ್ಯಾಥ್ಯೂಸ್‌ನನ್ನು. ಉದ್ದ ಕೂದಲು ಹಾರಿಸಿಕೊಂಡು ಕ್ವಾರ್ಟರ್‌ಬ್ಯಾಕ್‌ಗಳನ್ನು ಅಟ್ಟಾಡಿಸಿದವನು, ಎರಡೇ ಸೀಸನ್‌ನಲ್ಲಿ ಸೂಪರ್ ಬೌಲ್ ಗೆದ್ದವನು. ಪೇಟ್ರಿಯಟ್ಸ್ 41ಕ್ಕೆ ಡೇರಿಯಸ್ ಬಟ್ಲರ್‌ನನ್ನು ತಂದರು, ಇಲ್ಲಿ ಎರಡೇ ಸೀಸನ್ ಆಡಿದ. 83ಕ್ಕೆ ಬ್ರ್ಯಾಂಡನ್ ಟೇಟ್ ಎಂಬ ರಿಸೀವರ್. ಸರಿಯಾಗಿ ಮುಂದಿನ ಸರದಿಯಲ್ಲಿ, 84ಕ್ಕೆ, ಪಿಟ್ಸ್‌ಬರ್ಗ್ ತಂದದ್ದು ಮೈಕ್ ವಾಲೇಸ್‌ನನ್ನು. ಅವನೂ ರಿಸೀವರ್, ಟೇಟ್‌ಗಿಂತ ಎಷ್ಟೋ ಮೇಲು. ಇಲ್ಲಿಗೆ ನಿಲ್ಲಿಸಿದರೆ ಬೆಲಿಚಿಕ್ ಮೋಸಹೋದರು ಅಂತ ಬರೆದು ಪುಸ್ತಕ ಮುಚ್ಚಬಹುದು.

ಮುಚ್ಚಬೇಡಿ. ಆ ನಡುವಿನ 73 ಏನಾಯಿತು? ಅದನ್ನು ಜ್ಯಾಕ್ಸನ್‌ವಿಲ್‌ಗೆ ಮಾರಿ 2010ರ ಎರಡನೇ ಸುತ್ತಿನ ಸರದಿ ಪಡೆದರು. ಅದು ಮುಂದಿನ ವರ್ಷ 44ನೇ ನಂಬರಾಗಿ ಬಂತು. ಅದನ್ನೂ, ಒಂದು ಆರನೇ ಸುತ್ತಿನ ಸರದಿಯನ್ನೂ ಓಕ್‌ಲ್ಯಾಂಡ್‌ಗೆ ಕೊಟ್ಟು ಎರಡು ಮೆಟ್ಟಿಲು ಮೇಲೆ, 42ಕ್ಕೆ ಹತ್ತಿದರು. 42ಕ್ಕೆ ಆರಿಸಿದ್ದು ರಾಬ್ ಗ್ರಾಂಕೋವ್ಸ್ಕಿ. ಬೆನ್ನಿನ ಆಪರೇಷನ್ ಆಗಿ ಕಾಲೇಜಿನ ಕೊನೆಯ ಸೀಸನ್ ಪೂರ್ತಿ ಆಡದೆ ಕೂತಿದ್ದ ಹುಡುಗ. ಆಮೇಲೆ ತನ್ನ ಜಾಗದಲ್ಲಿ ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಸೇರಿದ. ಈ ದಾರ ಮೊದಲ ಸಲ ಬಿಡಿಸಿದ ರಾತ್ರಿ ನಾನು ಮಗನನ್ನು ಎಬ್ಬಿಸಿ ತೋರಿಸಿದೆ. ‘ಅಪ್ಪಾ, ನಾಳೆ ನಂಗೆ ಟೆಸ್ಟಿದೆ’ ಅಂದ.

2010ರ ಮೊದಲ ಸುತ್ತಿನಲ್ಲೂ ಇದೇ ಆಟ. 22ನ್ನು ಡೆನ್ವರ್‌ಗೆ ಕೊಟ್ಟು 24 ಮತ್ತು 113. ಆ 24ರ ಜೊತೆ 119 ಸೇರಿಸಿ ಡಲ್ಲಾಸ್‌ಗೆ ಕೊಟ್ಟು 27 ಮತ್ತು 90. ಡೆನ್ವರ್‌ಗೆ ಡೆಮೇರಿಯಸ್ ಥಾಮಸ್, ಡಲ್ಲಾಸ್‌ಗೆ ಡೆಜ್ ಬ್ರಯಂಟ್ ಸಿಕ್ಕರು. ಇಬ್ಬರೂ ದೊಡ್ಡ ರಿಸೀವರ್‌ಗಳು. ಬೆಲಿಚಿಕ್‌ಗೆ 27ಕ್ಕೆ ಮೆಕೋರ್ಟಿ ಸಿಕ್ಕ. 13 ವರ್ಷ ಇದೇ ತಂಡಕ್ಕೆ ಆಡಿದ. 90ಕ್ಕೆ ಬಂದ ಟೇಲರ್ ಪ್ರೈಸ್ ಎಲ್ಲಿ ಹೋದನೋ. 113ಕ್ಕೆ ಬಂದವನು ಆರನ್ ಹರ್ನಾಂಡೆಜ್.

ಇಲ್ಲಿ ನನ್ನ ಲೆಕ್ಕ ನಿಲ್ಲುತ್ತದೆ. ಆಟದಲ್ಲಿ ಅವನು 113ಕ್ಕೆ ಸಿಕ್ಕ ಚಿನ್ನ. 2013ರಲ್ಲಿ ಕೊಲೆ ಆರೋಪದಲ್ಲಿ ಸಿಕ್ಕಿಬಿದ್ದ, 2015ರಲ್ಲಿ ಶಿಕ್ಷೆಯಾಯಿತು, 2017ರಲ್ಲಿ ಜೈಲಿನಲ್ಲೇ ಸತ್ತ. ಅಷ್ಟು ಒಳ್ಳೆಯ ಆಟಗಾರ ನಾಲ್ಕನೇ ಸುತ್ತಿನವರೆಗೆ ಯಾಕೆ ಉಳಿದಿದ್ದ ಅಂದರೆ, ಅವನ ನಡತೆಯ ಬಗ್ಗೆ ಸುಮಾರು ತಂಡಗಳಿಗೆ ಅನುಮಾನ ಇತ್ತು. ಅಗ್ಗದ ಬೆಲೆಯಲ್ಲೇ ಆ ಎಚ್ಚರಿಕೆ ಬರೆದಿತ್ತು. ಆ ಸಾಲಿನ ಮುಂದೆ ನಾನು ಅಂಕ ಹಾಕಿಲ್ಲ, ಖಾಲಿ ಬಿಟ್ಟಿದ್ದೇನೆ.

ಜಾಗವಾರು ಬೇರೆ ಮಾಡಿ

ಒಟ್ಟು ಅಂಕದಲ್ಲಿ ಕೋಚ್‌ನ ಗುಣ ಕಾಣಿಸುವುದಿಲ್ಲ. ಆಟದ ಜಾಗ ಪ್ರಕಾರ ವಿಂಗಡಿಸಿ, ಎದ್ದು ಕಾಣುತ್ತದೆ.

ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯ ಹಾಗೆ ನಿಲ್ಲುವ ಐದು ಜನರ ಸಾಲು, ಆಫೆನ್ಸಿವ್ ಲೈನ್. ಇಲ್ಲಿ ಬೆಲಿಚಿಕ್ ಮುಟ್ಟಿದ್ದು ಸುಮಾರು ಸಲ ಫಲ ಕೊಟ್ಟಿದೆ. ಎರಡನೇ ಸುತ್ತಿನಲ್ಲಿ ಮ್ಯಾಟ್ ಲೈಟ್, ಐದರಲ್ಲಿ ಡ್ಯಾನ್ ಕಾಪ್ಪೆನ್, ಮೂರರಲ್ಲಿ ಜೋ ಥೂನಿ, ನಾಲ್ಕರಲ್ಲಿ ಶಾಕ್ ಮೇಸನ್, ಆರರಲ್ಲಿ ಮೈಕಲ್ ಒನ್ವೆನು. ಅಗ್ಗದ ಸರದಿಯಲ್ಲಿ ಗಟ್ಟಿ ಆಳು.

ಎರಡನೇ ಸುತ್ತಿನ ಡಿಫೆನ್ಸಿವ್ ಬ್ಯಾಕ್, ಅಂದರೆ ರಿಸೀವರ್‌ಗಳ ಬೆನ್ನು ಬೀಳುವವರು, ಇನ್ನೊಂದು ಕಥೆ. ಡೇರಿಯಸ್ ಬಟ್ಲರ್, ರಾಸ್-ಐ ಡೌಲಿಂಗ್, ಟಾವನ್ ವಿಲ್ಸನ್, ಜೋರ್ಡನ್ ರಿಚರ್ಡ್ಸ್, ಸೈರಸ್ ಜೋನ್ಸ್, ಡ್ಯೂಕ್ ಡಾಸನ್, ಜೋಜುವಾನ್ ವಿಲಿಯಮ್ಸ್. 2009ರಿಂದ 2019ರವರೆಗೆ ಹೆಚ್ಚುಕಮ್ಮಿ ಒಂದೇ ಹೊಂಡಕ್ಕೆ ಏಳು ಸಲ ಕಾಲಿಟ್ಟ ಹಾಗೆ. ಪ್ಯಾಟ್ರಿಕ್ ಚುಂಗ್, ಕೈಲ್ ಡಗ್ಗರ್ ಥರದವರೂ ಅದೇ ಸುತ್ತಿನಲ್ಲಿ ಬಂದಿದ್ದಾರೆ, ನಿಜ. ಆದರೂ ಒಂದು ಸಲ ತಪ್ಪಿದರೆ ನಾಣ್ಯದ ಮೇಲೆ ಹಾಕಬಹುದು. ಏಳು ಸಲ ತಪ್ಪಿದರೆ ಅದು ಕಣ್ಣಿನ ದೋಷ. ಮೊದಲ ಎರಡು ಸುತ್ತಿನ ರಿಸೀವರ್‌ಗಳೂ ಹಾಗೆಯೇ: ಬೆಥೆಲ್ ಜಾನ್ಸನ್, ಚಾಡ್ ಜ್ಯಾಕ್ಸನ್, ಏರನ್ ಡಾಬ್ಸನ್, ಹ್ಯಾರಿ, ಟೈಕ್ವಾನ್ ಥಾರ್ನ್‌ಟನ್. ಗೆದ್ದವನು ಡಿಯಾನ್ ಬ್ರ್ಯಾಂಚ್ ಒಬ್ಬನೇ. ಚಾಡ್ ಜ್ಯಾಕ್ಸನ್‌ಗಾಗಿ 2006ರಲ್ಲಿ 52ರಿಂದ 36ಕ್ಕೆ ಹತ್ತಿದರು. ಆ 52ರಲ್ಲಿ ಗ್ರೀನ್ ಬೇಗೆ ಗ್ರೆಗ್ ಜೆನ್ನಿಂಗ್ಸ್ ಸಿಕ್ಕ. ರಿಸೀವರ್ ವಿಷಯದಲ್ಲಿ ನಿಜವಾಗಿ ಲಾಭ ಮಾಡಿದ್ದು ಡ್ರಾಫ್ಟ್‌ನ ಹೊರಗೆ. 2007ರಲ್ಲಿ ನಾಲ್ಕನೇ ಸುತ್ತಿನ ಒಂದು ಸರದಿ ಕೊಟ್ಟು ರ‍್ಯಾಂಡಿ ಮಾಸ್‌ನನ್ನು ತಂದರು. ಅವನು ಆ ಸೀಸನ್‌ನಲ್ಲಿ 23 ಟಚ್‌ಡೌನ್ ಹಿಡಿದು ದಾಖಲೆ ಮಾಡಿದ. ನಾನು ಇದನ್ನು ‘ಸರದಿ ವ್ಯಾಪಾರ’ ಕಾಲಂನಲ್ಲಿ ಬರೆದಿದ್ದೇನೆ.

ಜಾಗವಾರು ನೋಡುವಾಗ ಕಲಿಸಿದವನನ್ನೂ ನೋಡಬೇಕು. ಲೈನ್ ಆಟಗಾರರು ಅಷ್ಟು ಚೆನ್ನಾಗಿ ಬಂದದ್ದು ಆಯ್ಕೆಯ ಕಣ್ಣಿನಿಂದಲೋ, ಅವರನ್ನು ತಿದ್ದಿದ ಡಾಂಟೆ ಸ್ಕಾರ್ನೆಕಿಯಾ ಕೈಯಿಂದಲೋ? ಆ ಮನುಷ್ಯ 2013ರ ಸೀಸನ್ ಆದಮೇಲೆ ನಿವೃತ್ತರಾದರು, 2016ರಲ್ಲಿ ವಾಪಸ್ ಬಂದರು, 2020ರಲ್ಲಿ ಮತ್ತೆ ಬಿಟ್ಟರು. ಅವರು ಎರಡನೇ ಸಲ ಬಿಟ್ಟ ಆ ವರ್ಷವೇ ಒನ್ವೆನು ಆರನೇ ಸುತ್ತಿನಲ್ಲಿ ಬಂದು ನಿಂತುಕೊಂಡ. ಅದಕ್ಕೇ ನಾನು ಕಣ್ಣಿಗೂ ಸ್ವಲ್ಪ ಅಂಕ ಕೊಟ್ಟಿದ್ದೇನೆ. ಪೂರ್ತಿ ಅಲ್ಲ.

ಬ್ರೇಡಿಯನ್ನು ಏನು ಮಾಡುವುದು?

199ನೇ ಸರದಿ, ಆರನೇ ಸುತ್ತು, ಏಳು ಸೂಪರ್ ಬೌಲ್ ಗೆದ್ದವನು, ಅದರಲ್ಲಿ ಆರು ಇಲ್ಲೇ. ಅವನನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಬೆಲಿಚಿಕ್ ದೇವರು. ಬಿಟ್ಟರೆ ಒಳ್ಳೆಯ ಮನುಷ್ಯ. ನಾನು ಬಿಡುತ್ತೇನೆ. ಕಾರಣ ಇದೆ. ಆ ವರ್ಷ ಪೇಟ್ರಿಯಟ್ಸ್ ಆರಿಸಿದ್ದು ಹತ್ತು ಜನರನ್ನು, ಬ್ರೇಡಿ ಏಳನೆಯವನು. ಇವನು ಯಾರು ಅಂತ ಗೊತ್ತಿದ್ದರೆ ಆರು ಸಲ ಬಿಟ್ಟು ಏಳನೇ ಸಲ ಕೈ ಹಾಕುತ್ತಿದ್ದರಾ? ಅದು ಲಾಟರಿ. ಟಿಕೆಟ್ ಕೊಂಡದ್ದಕ್ಕೆ ಒಂದು ಅಂಕ ಇರಲಿ.

ಆದರೆ ಆಮೇಲೆ ಮಾಡಿದ ಒಂದು ಕೆಲಸಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ. 2000ದ ಸೀಸನ್‌ನಲ್ಲಿ ತಂಡ ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳನ್ನು ಇಟ್ಟುಕೊಂಡಿತ್ತು. ಸಾಮಾನ್ಯವಾಗಿ ಇಡುವುದು ಇಬ್ಬರು ಅಥವಾ ಮೂವರು. ಆ ನಾಲ್ಕನೆಯವನು ಬ್ರೇಡಿ. ಹೆಚ್ಚುಕಮ್ಮಿ ಇಡೀ ವರ್ಷ ಬೆಂಚಿನ ಮೇಲೆ ಕೂರಿಸಿ ಒಂದು ಜಾಗ ದಂಡ ಮಾಡಿದರು, ಕೈಬಿಡಲಿಲ್ಲ. ಡ್ರಾಫ್ಟ್ ದಿನ ಕಾಣದಿದ್ದದ್ದು ಅಭ್ಯಾಸದಲ್ಲಿ ಕಂಡಿತ್ತು. ಮುಂದಿನ ಸೆಪ್ಟೆಂಬರ್‌ನಲ್ಲಿ ಡ್ರೂ ಬ್ಲೆಡ್‌ಸೋಗೆ ಪೆಟ್ಟಾದಾಗ ಅವನು ತಯಾರಾಗಿದ್ದ. ಇದನ್ನು ನಾನು ‘ಉಳಿಸಿಕೊಂಡದ್ದು’ ಅಂತ ಬೇರೆ ಸಾಲಿನಲ್ಲಿ ಬರೆದಿದ್ದೇನೆ.

ಹೀಗೆಲ್ಲ ವಿಂಗಡಿಸಿದ ಮೇಲೆ ನನ್ನ ನೋಟ್‌ಬುಕ್ ಪ್ರಕಾರ ಬೆಲಿಚಿಕ್ 2012ರವರೆಗೆ ಬೇರೆಯವರಿಗಿಂತ ಸ್ಪಷ್ಟವಾಗಿ ಮೇಲು, ಆಮೇಲೆ ಸಾಧಾರಣ, ರಿಸೀವರ್ ವಿಷಯದಲ್ಲಿ ಮೊದಲಿಂದ ಕೊನೆಯವರೆಗೂ ಕಳಪೆ. ಸರದಿ ವ್ಯಾಪಾರದಲ್ಲಿ ಗಟ್ಟಿಗ. ಆಫೀಸಿನ ಗೆಳೆಯ ಈ ಪುಟದ ಫೋಟೋ ತೆಗೆದುಕೊಂಡು ಹೋಗಿ ತನ್ನ ತಮ್ಮನ ಹತ್ತಿರ ಜಗಳ ಆಡಿದನಂತೆ.

ಕೊನೆಯ ಪುಟ 2023ರದ್ದು. 17ಕ್ಕೆ ಕ್ರಿಸ್ಟಿಯನ್ ಗೊನ್ಸಾಲೆಜ್. ಅದು ಚೆನ್ನಾಗಿಯೇ ಕಾಣುತ್ತಿದೆ. ಜರ್ಸಿ ಕೊಳ್ಳೋಣವಾ ಅಂತ ಮಗ ಕೇಳಿದ. ಬೀರು ತೆಗೆದು 15ನೇ ನಂಬರನ್ನು ತೋರಿಸಿದೆ.